ಬೆಂಗಳೂರಿಗಿಂತ ಮೊದಲೇ ಕೆಜಿಎಫ್‌ಗೆ ಕರೆಂಟ್ ಬಂದಿತ್ತಾ?

ಕೊನೆ_ಬೆಂಚು
ಬೆಳಗ್ಗೆ ಎದ್ದು ನೋಡಿದ್ರೆ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪನ ಫಾರ್ವರ್ಡ್. ಏಷ್ಯಾದಲ್ಲೇ ಮೊದಲು ಕರೆಂಟ್ ಬಂದ ಊರು ಕೆಜಿಎಫ್ (ಕೋಲಾರದ ಚಿನ್ನದ ಗಣಿ ಊರು) ಅಂತೆ. ಪ್ರಪಂಚದಲ್ಲೇ ಅತಿ ಉದ್ದದ ಲೈನನ್ನು ಶಿವನಸಮುದ್ರದಿಂದ ಅಲ್ಲಿಗೆ ಎಳೆದಿದ್ರಂತೆ. ಗಣಿಯೊಳಗೆ 'ದೇವರ ಕಣ' ಸಿಕ್ಕಿತ್ತಂತೆ. ಕೊನೆಗೆ ಎಂದಿನ ಹಾಗೆ, ಹೆಮ್ಮೆಯ ಕನ್ನಡಿಗನಾಗಿದ್ರೆ ಹತ್ತು ಜನಕ್ಕೆ ಕಳಿಸಿ ಅಂತ. ಕಳಿಸೋ ಮುಂಚೆ ಇಲ್ಲಿ ಕೇಳೋಣ ಅನ್ನಿಸ್ತು. ಇದರಲ್ಲಿ ನಿಜ ಎಷ್ಟು, ಬುರುಡೆ ಎಷ್ಟು?

ತಿದ್ದುಪಡಿ_ರಾಯ
ಮೂರೂ ಬುರುಡೆ. ಆದರೆ ಮೂರರ ಹಿಂದೆಯೂ ಒಂದೊಂದು ನಿಜ ಇದೆ, ಅದೇ ತಮಾಷೆ.

ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಶುರುವಾದದ್ದು 1902ರಲ್ಲಿ. ಜಪಾನಿನ ಕ್ಯೋಟೊದಲ್ಲಿ 1891ರಲ್ಲೇ ಜಲವಿದ್ಯುತ್ ಕೇಂದ್ರ ಇತ್ತು. ಅಷ್ಟು ದೂರ ಯಾಕೆ, ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೋಂಗ್‌ನಲ್ಲಿ 1897ಕ್ಕೇ ನೀರಿನಿಂದ ಕರೆಂಟ್ ತೆಗೆದಿದ್ದರು. ಅದು ತೀರಾ ಪುಟ್ಟ ಕೇಂದ್ರ, ಊರಿನ ದೀಪಕ್ಕಷ್ಟೇ. ಕಾರ್ಖಾನೆ ಮಟ್ಟದಲ್ಲಿ ಭಾರತದ ಮೊದಲ ದೊಡ್ಡ ಜಲವಿದ್ಯುತ್ ಅಂದರೆ ಶಿವನಸಮುದ್ರ ಅನ್ನಬಹುದು, ಅದಕ್ಕೆ ನನ್ನ ತಕರಾರಿಲ್ಲ. ಲೈನಿನ ಉದ್ದ 147 ಕಿಲೋಮೀಟರ್. ಕ್ಯಾಲಿಫೋರ್ನಿಯಾದ ಕೋಲ್ಗೇಟ್ ಎಂಬಲ್ಲಿಂದ ಓಕ್ಲಂಡ್‌ಗೆ 1901ರಲ್ಲೇ 220 ಕಿಲೋಮೀಟರ್‌ಗೂ ಮೀರಿ ಲೈನ್ ಎಳೆದಾಗಿತ್ತು. ಹಾಗಾಗಿ ಅತಿ ಉದ್ದದ್ದು ಅನ್ನೋ ಹಾಗಿಲ್ಲ, ಅತಿ ಉದ್ದದವುಗಳಲ್ಲಿ ಒಂದು.

ದೇವರ ಕಣದ ಬಗ್ಗೆ ಏನೂ ಹೇಳಲ್ಲ, ಬಿಪಿ ಏರುತ್ತೆ. ಭೌತಶಾಸ್ತ್ರದವರು ಯಾರಾದ್ರೂ ಬಂದು ನೋಡಿಕೊಳ್ಳಲಿ.

ಹಳೇ_ಫ್ಯೂಸ್
ರಾಯರು ಬಂದು ಎಲ್ಲಕ್ಕೂ ಕತ್ತರಿ ಹಾಕಿದ್ರು, ಸಂತೋಷ. ಆದ್ರೆ ತಲೆಬರಹದಲ್ಲಿ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇ ಇಲ್ಲ! ಉತ್ತರ: ಹೌದಪ್ಪ, ಬಂದಿತ್ತು. ಕೆಜಿಎಫ್‌ಗೆ 1902ರ ಜೂನ್ 30ಕ್ಕೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರ ಆಗಸ್ಟಿನಲ್ಲಿ. ಮೂರು ವರ್ಷ ಬೆಂಗಳೂರು ಸೀಮೆಎಣ್ಣೆ ದೀಪದಲ್ಲೇ ಕೂತಿತ್ತು.

ನಾನು ಮಳವಳ್ಳಿ ಕಡೆಯವನು, ಮೂವತ್ತು ಚಿಲ್ಲರೆ ವರ್ಷ ಕರೆಂಟಿನ ಕೆಲಸದಲ್ಲೇ ಸವೆದವನು. ಹೀಗಾಗಿ ಈ ಕತೆ ಸ್ವಲ್ಪ ಉದ್ದವಾದ್ರೆ ಸಹಿಸಿಕೊಳ್ಳಿ.

ಗಣಿಗೆ ಬೇಕಾದದ್ದು ದೀಪ ಅಲ್ಲ, ಬಲ. ಅದಿರು ಕುಟ್ಟೋ ಗಿರಣಿ, ಆಳದಿಂದ ಕೇಜ್ ಅನ್ನೋ ಲಿಫ್ಟ್ ಎತ್ತೋ ಯಂತ್ರ, ಗಾಳಿ ಒತ್ತೋ ಕಂಪ್ರೆಸರ್, ನೀರೆತ್ತೋ ಪಂಪು. ಎಲ್ಲವೂ ಹಬೆಯಲ್ಲಿ ಓಡ್ತಿದ್ವು. ಹಬೆಗೆ ಕಲ್ಲಿದ್ದಲು ದೂರದಿಂದ ಬರಬೇಕು, ಸೌದೆಗೆ ಸುತ್ತಲ ಕಾಡು ಬೋಳಾಗಬೇಕು. ಇತ್ತ ಶಿವನಸಮುದ್ರದಲ್ಲಿ ಕಾವೇರಿ ಗಗನಚುಕ್ಕಿ, ಭರಚುಕ್ಕಿ ಅಂತ ಸುಮ್ಮನೆ ಧುಮುಕ್ತಾ ಇತ್ತು. ಇವೆರಡನ್ನೂ ಗಂಟು ಹಾಕಿದ್ದು ಮೈಸೂರು ಸಂಸ್ಥಾನದಲ್ಲಿದ್ದ ಜೋಲಿ ದ ಲೋಟ್‌ಬಿನಿಯೇರ್ ಅನ್ನೋ ಎಂಜಿನಿಯರ್, ಮೂಲತಃ ಕೆನಡಾದವನು. ಬೆನ್ನಿಗೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ನನಗೆ ಇದರಲ್ಲಿ ತುಂಬಾ ಹಿಡಿಸೋದು ವ್ಯಾಪಾರದ ಜಾಣತನ. ಕರೆಂಟ್ ಹುಟ್ಟೋಕೆ ಮೊದಲೇ ಗಣಿಯವರ ಹತ್ತಿರ ಕೊಳ್ಳುವ ಕರಾರು ಮಾಡಿಸಿಕೊಂಡರು. ಗಿರಾಕಿ ಗಟ್ಟಿಯಾದ ಮೇಲೆ ಅಂಗಡಿ ಕಟ್ಟಿದ್ರು.

ಟರ್ಬೈನು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಮದ್ದೂರಿನ ತನಕ ರೈಲು. ಅಲ್ಲಿಂದ ಮುಂದೆ ಎತ್ತಿನಗಾಡಿ, ಆನೆ. ಲಾರಿ ಇಲ್ಲ, ಕ್ರೇನ್ ಇಲ್ಲ. ಆ ರಸ್ತೆಯಲ್ಲಿ ಇವತ್ತು ಹೋಗುವಾಗಲೂ ನಾನು ಅದನ್ನೇ ನೆನೆಸಿಕೊಳ್ತೀನಿ: ಟನ್ನುಗಟ್ಟಲೆ ಕಬ್ಬಿಣ, ಎದುರಿಗೆ ಏರು, ಎತ್ತಿನ ಬಾಯಲ್ಲಿ ನೊರೆ.

ಶೇಷಾದ್ರಿ ಅಯ್ಯರ್ ಇದನ್ನ ಕಣ್ಣಾರೆ ನೋಡಲಿಲ್ಲ. 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡರು.

ಕೊನೆ_ಬೆಂಚು
ಅಂಕಲ್, 147 ಕಿಮೀ ದೂರ ಹೋಗೋಷ್ಟರಲ್ಲಿ ಕರೆಂಟ್ ಎಲ್ಲಾ ತಂತಿಯಲ್ಲೇ ಖರ್ಚಾಗಲ್ವಾ? ನಮ್ಮ ತೋಟದ ಪಂಪಿಗೆ ಅರ್ಧ ಕಿಮೀ ಎಳೆದ್ರೇ ವೋಲ್ಟೇಜ್ ಬಿದ್ದು ಮೋಟರ್ ಹುಯ್ಯೋ ಅನ್ನುತ್ತೆ.

ಹಳೇ_ಫ್ಯೂಸ್
ಸರಿಯಾದ ಪ್ರಶ್ನೆ ಮರಿ. ತಂತಿ ಬಿಸಿಯಾಗಿ ನಷ್ಟ ಆಗೋದು ಆಂಪಿಯರಿನಿಂದ, ಅದೂ ಆಂಪಿಯರಿನ ವರ್ಗದ ಲೆಕ್ಕದಲ್ಲಿ. ಅಷ್ಟೇ ಶಕ್ತಿಯನ್ನ ಹತ್ತು ಪಟ್ಟು ವೋಲ್ಟೇಜಿಗೆ ಏರಿಸಿ ಕಳಿಸಿದ್ರೆ ಆಂಪಿಯರ್ ಹತ್ತನೇ ಒಂದು, ನಷ್ಟ ನೂರನೇ ಒಂದು. ನಿನ್ನ ಪಂಪಿನ ಲೈನ್ 400 ವೋಲ್ಟಿಂದು. ಅವರು ಕಳಿಸಿದ್ದು 35,000 ವೋಲ್ಟಿನಲ್ಲಿ. ಮೊದಲ ಹಂತಕ್ಕೆ 4,000 ಅಶ್ವಶಕ್ತಿ ಅಂದ್ಕೋ, ಅಂದರೆ 3 ಮೆಗಾವ್ಯಾಟ್. ಮೂರು ತಂತಿಯ ಒಂದೇ ಲೈನಿನಲ್ಲಿ ಅಷ್ಟನ್ನೂ ಕಳಿಸಿದ್ರೂ ಒಂದೊಂದು ತಂತಿಯಲ್ಲಿ ಹರಿಯೋದು ಸುಮಾರು 50 ಆಂಪಿಯರ್, ಅಷ್ಟೇ! ಇಡೀ ಚಿನ್ನದ ಗಣಿ ಓಡಿಸೋ ಕರೆಂಟು ನಿಮ್ಮ ಮನೆ ಮೇನ್ ಸ್ವಿಚ್ಚಿಗಿಂತ ಸ್ವಲ್ಪ ದಪ್ಪ.

ಇನ್ನೊಂದು ವಿಷಯ. ಈಗಿನ ಕರೆಂಟ್ ಸೆಕೆಂಡಿಗೆ 50 ಸಲ ಅತ್ತಿತ್ತ ತೂಗುತ್ತೆ, ಆಗ 25 ಸೈಕಲ್. ದೊಡ್ಡ ಮೋಟರಿಗೆ ಒಳ್ಳೇದು, ಬಲ್ಬಿಗೆ ಅಲ್ಲ. ಸಣ್ಣ ಬಲ್ಬು ಮಿಣಮಿಣ ಅನ್ನೋದು ಕಣ್ಣಿಗೇ ಕಾಣುತ್ತೆ. 'ಇಪ್ಪತ್ತೈದರ ಬೆಳಕಲ್ಲಿ ಲೆಕ್ಕ ಬರೆದ್ರೆ ಅಂಕಿ ಕುಣೀತವೆ' ಅಂತ ನಮ್ಮ ಹಿರಿಯರು ಹೇಳ್ತಿದ್ರು.

ಲೈನ್ ಹಾದುಹೋದ ದಾರಿಯಲ್ಲಿ ಎಷ್ಟು ಹಳ್ಳಿ! ತಲೆ ಮೇಲೆ ಕರೆಂಟ್ ಹರೀತಿತ್ತು, ಕೆಳಗೆ ಹರಳೆಣ್ಣೆ ಬುಡ್ಡಿ. ಅವರ ಮನೆಗೆ ಬಲ್ಬು ಬರೋಕೆ ಇನ್ನೂ ದಶಕಗಳು ಬೇಕಾದ್ವು. ಇದನ್ನ ಫಾರ್ವರ್ಡಿನಲ್ಲಿ ಯಾರೂ ಹಾಕಲ್ಲ.

ಲಿಂಗಸುಗೂರ_ಗೆಳೆಯ
ಬ್ಯಾಸಿಗ್ಯಾಗ ಹೊಳಿ ಬತ್ತಿದ್ರ ಗಣಿ ಬಂದ್ ಮಾಡ್ತಿದ್ರೇನ್ರಿ?

ಹಳೇ_ಫ್ಯೂಸ್
ಅದೇ ದೊಡ್ಡ ತಲೆನೋವಾಗಿತ್ತು. ಶಿವನಸಮುದ್ರದಲ್ಲಿ ಹೇಳಿಕೊಳ್ಳುವಂಥ ಜಲಾಶಯ ಇಲ್ಲ, ಹರಿಯೋ ನೀರನ್ನೇ ನಂಬಬೇಕು. ಗಣಿ ಬೆಳೀತಾ ಹೋದ ಹಾಗೆ ಕರೆಂಟಿನ ಬೇಡಿಕೆ ಏರಿತು, ಬೇಸಿಗೆಯ ಕಾವೇರಿ ಮಾತ್ರ ಅಷ್ಟೇ. ಮೇಲೆಲ್ಲಾದ್ರೂ ನೀರು ಕಟ್ಟಿ ನಿಲ್ಲಿಸಬೇಕು ಅನ್ನೋ ಒತ್ತಡ ಬಂತು. ಎಲ್ಲಿ ಕಟ್ಟಿದ್ರು ಹೇಳಿ? ಕನ್ನಂಬಾಡಿ! 1911ರಲ್ಲಿ ಕೆಲಸ ಶುರು. ಮಂಡ್ಯದ ಕಬ್ಬು, ವಿಶ್ವೇಶ್ವರಯ್ಯನವರು, ವಿಸಿ ನಾಲೆ ಎಲ್ಲಾ ನಮಗೆ ಗೊತ್ತು. ಆದರೆ ಆ ಅಣೆಕಟ್ಟಿನ ಲೆಕ್ಕಪತ್ರದಲ್ಲಿ ಕೋಲಾರದ ಗಣಿಗೆ ಮಾರುವ ಕರೆಂಟಿನ ಆದಾಯವೂ ಗಟ್ಟಿಯಾಗಿ ಕೂತಿತ್ತು. ನಮ್ಮ ಗದ್ದೆಗೆ ನೀರು ಬಂದದ್ದರಲ್ಲಿ ಚಿನ್ನದ ಪಾಲೂ ಇದೆ ಅಂತ ಊರಲ್ಲಿ ಹೇಳಿದ್ರೆ ನಗ್ತಾರೆ.

ಊರ್ಗಾಂ_ಸೈರನ್
ಈ ಎಳೆ ಇವತ್ತು ಕಣ್ಣಿಗೆ ಬಿತ್ತು. ನಾನು ಕೆಜಿಎಫ್‌ನ ಲೈನ್ ಮನೆಯಲ್ಲಿ, ಅಂದ್ರೆ ಗಣಿ ಕೆಲಸಗಾರರ ಸಾಲುಮನೆಯಲ್ಲಿ, ಹುಟ್ಟಿದವನು. ತಾತ ಅಂಡರ್‌ಗ್ರೌಂಡ್, ಅಪ್ಪನೂ ಅಂಡರ್‌ಗ್ರೌಂಡ್. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ತಪ್ಪಿದ್ರೆ ತಿದ್ದಿ, ಬೈಬೇಡಿ.

ಮೇಲಿನ ಕತೆ ಎಲ್ಲರೂ ಹೇಳ್ತಾರೆ, ಕೆಳಗಿನದನ್ನ ನಾನು ಹೇಳ್ತೀನಿ. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳ. ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಅಲ್ವಾ, ಅಂಥ ಎರಡನ್ನ ಒಂದರ ಮೇಲೊಂದು ತಲೆಕೆಳಗಾಗಿ ಇಳಿಸಿದ್ರೂ ತಳ ಮುಟ್ಟಲ್ಲ. ತಳದಲ್ಲಿ ಬಂಡೆ ಮುಟ್ಟಿದ್ರೆ ಕೈ ಸುಡುತ್ತೆ, 60 ಡಿಗ್ರಿ ದಾಟಿದ ಬಿಸಿ. ಒಂದೇ ಕೇಜಿನಲ್ಲಿ ಸೀದಾ ಹೋಗೋಕಾಗಲ್ಲ, ಹಂತ ಹಂತವಾಗಿ ಕೇಜ್ ಬದಲಾಯಿಸಿ ಇಳೀಬೇಕು. ತಾತ ಕೇಜಿಗೆ ಕಾಲಿಡೋ ಮುಂಚೆ ಚಪ್ಪಲಿ ಬಿಟ್ಟು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ತಿದ್ದರಂತೆ. ದೇವಸ್ಥಾನಕ್ಕೆ ಹೋದ ಹಾಗೆ.

ಮನೆಯಲ್ಲಿ ಕೂತವರಿಗೆ ಗಣಿ ಗೊತ್ತಾಗ್ತಿದ್ದದ್ದು ಪಾತ್ರೆಯಿಂದ. ಅಡುಗೆಮನೆ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ ಸ್ಟೀಲ್ ತಟ್ಟೆಗಳು ಒಮ್ಮೆಲೇ ಝಣ ಅನ್ನೋವು. ಅಮ್ಮ ಸೌಟು ಹಿಡಿದ ಕೈಯನ್ನ ಹಾಗೇ ನಿಲ್ಲಿಸಿಬಿಡೋರು. ರಾಕ್‌ಬರ್ಸ್ಟ್! ಕೆಳಗೆಲ್ಲೋ ಬಂಡೆ ಸಿಡಿದಿದೆ. ಆಮೇಲೆ ಇಡೀ ಲೈನಿನ ಹೆಂಗಸರು ಹೊರಗೆ ಬಂದು ಸೈರನ್ ಕೂಗುತ್ತಾ ಇಲ್ವಾ ಅಂತ ಕಿವಿಗೊಟ್ಟು ನಿಲ್ಲೋರು. ನನ್ನ ಹೆಸರಲ್ಲಿರೋ ಸೈರನ್ ಅದೇ.

ಕೊನೆ_ಬೆಂಚು
ಬಂಡೆ ತಾನಾಗೇ ಸಿಡಿಯುತ್ತಾ? ಡೈನಮೈಟ್ ಇಲ್ದೆ?

ಅರೆಬೆಂದ_ಭೌತಶಾಸ್ತ್ರ
ಸಿಡಿಯುತ್ತೆ. ಬಂಡೆಯ ಸಾಂದ್ರತೆ ನೀರಿನ 2.7 ಪಟ್ಟು ಅಂತಿಟ್ಟರೆ, 3 ಕಿಲೋಮೀಟರ್ ಕೆಳಗೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 800 ಕಿಲೋ ಭಾರ. ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಒಂದು ಸಣ್ಣ ಕಾರು ನಿಂತ ಹಾಗೆ. ಸುತ್ತ ಬಂಡೆ ಇರುವವರೆಗೆ ಆ ಭಾರವನ್ನು ತಡೆದುಕೊಂಡು ಸುಮ್ಮನಿರುತ್ತೆ. ಅದಿರು ತೆಗೆದು ಪಕ್ಕ ಖಾಲಿ ಮಾಡಿದ್ರಿ ಅಂದ್ಕೊಳ್ಳಿ, ಬಿಗಿದ ಸ್ಪ್ರಿಂಗ್ ಬಿಟ್ಟ ಹಾಗೆ ಖಾಲಿ ಕಡೆಗೆ ಚಿಮ್ಮುತ್ತೆ. ಕೋಲಾರದಲ್ಲಿ ಮೊದಮೊದಲು ಮರದ ದಿಮ್ಮಿ ಆಸರೆ ಕೊಡುತ್ತಿದ್ದರು. ಆಮೇಲೆ ಗ್ರಾನೈಟ್ ಕಲ್ಲಿನ ಗೋಡೆಗಳನ್ನೇ ಕೆಳಗೆ ಕಟ್ಟತೊಡಗಿದರು. ಕಲ್ಲು ತೆಗೆಯಲು ಹೋದವರು ಕಲ್ಲು ಇಳಿಸಿ ಗೋಡೆ ಕಟ್ಟಿದರು! ಬಂಡೆಗಳ ಬಲವಿಜ್ಞಾನಕ್ಕೆ ಅಂತಲೇ ಇರುವ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಈಗ ರಾಯರು ನನಗೆ ಬಿಟ್ಟ ಕೆಲಸಕ್ಕೆ ಬರ್ತೀನಿ. ದೇವರ ಕಣ ಅಂತ ಪತ್ರಿಕೆಗಳು ಕರೆಯೋ ಹಿಗ್ಸ್ ಬೋಸಾನ್ ಸಿಕ್ಕಿದ್ದು 2012ರಲ್ಲಿ, ಜಿನೀವಾದ ಸೆರ್ನ್ ಪ್ರಯೋಗಾಲಯದಲ್ಲಿ. ಕೆಜಿಎಫ್‌ಗೂ ಅದಕ್ಕೂ ಸಂಬಂಧ ಇಲ್ಲ. ಕೆಜಿಎಫ್‌ನಲ್ಲಿ ಸಿಕ್ಕಿದ್ದು ನ್ಯೂಟ್ರಿನೊ. ನನ್ನ ಕಣ್ಣಿಗೆ ಇದು ಅದಕ್ಕಿಂತ ಸ್ವಾರಸ್ಯದ್ದು, ಯಾಕಂದ್ರೆ ಇಲ್ಲಿ ಹುಡುಕುವ ಕ್ರಮವೇ ಉಲ್ಟಾ.

ಅಂಗೈ ಚಾಚಿ ಹಿಡಿಯಿರಿ. ಸೆಕೆಂಡಿಗೆ ಒಂದೆರಡು ಮ್ಯೂಆನ್ ಕಣಗಳು ಅದನ್ನು ತೂರಿ ಹೋಗ್ತಾ ಇವೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣಗಳಿವು. ಅದೇ ಬಡಿತದಲ್ಲಿ ನ್ಯೂಟ್ರಿನೊಗಳೂ ಹುಟ್ಟುತ್ತವೆ. ಆದರೆ ಅವು ಭೂಮಿಯನ್ನೇ ಈ ಕಡೆಯಿಂದ ಆ ಕಡೆಗೆ ತೂರಿ ಹೋಗುವ ಜಾತಿ, ಯಾವುದಕ್ಕೂ ತಗಲೋದಿಲ್ಲ. ಎಲ್ಲೋ ಅಪರೂಪಕ್ಕೆ ಒಂದು ಬಂಡೆಯ ಪರಮಾಣುವಿಗೆ ಡಿಕ್ಕಿ ಹೊಡೆದು ಒಂದು ಮ್ಯೂಆನ್ ಹುಟ್ಟಿಸುತ್ತೆ. ನೆಲದ ಮೇಲೆ ಕೂತು ಅದನ್ನು ಹುಡುಕೋದು ಅಂದ್ರೆ ಮೈಸೂರು ದಸರಾ ಜಂಬೂ ಸವಾರಿ ಗದ್ದಲದಲ್ಲಿ ಯಾರದೋ ಕಾಲ್ಗೆಜ್ಜೆ ಸದ್ದು ಕೇಳಲು ಹೋದ ಹಾಗೆ. ಮೊದಲು ಗದ್ದಲ ನಿಲ್ಲಬೇಕು. ಅದಕ್ಕೆ ಮೇಲೆ ಕಿಲೋಮೀಟರುಗಟ್ಟಲೆ ಬಂಡೆ ಬೇಕು.

ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದ ಆರಂಭದಲ್ಲೇ ಈ ಗಣಿಗಿಳಿದು ಮ್ಯೂಆನ್ ಎಣಿಸಲು ಶುರು ಮಾಡಿದ್ದರು. ಮೊದಲು ಇಳಿದವರು ಬಿ. ವಿ. ಶ್ರೀಕಂಠನ್, ನಂಜನಗೂಡಿನಲ್ಲಿ ಹುಟ್ಟಿದವರು. ಮುಂದೆ ತಂಡ ಸೇರಿದ ಎಂ. ಜಿ. ಕೆ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ. 1960ರ ದಶಕದ ಆರಂಭದಲ್ಲಿ ಆಳ ಆಳಕ್ಕೆ ಹೋಗ್ತಾ ಎಣಿಸಿದರು. ಹೋದಷ್ಟೂ ಕಣ ಕಡಿಮೆ. 2,700 ಮೀಟರ್‌ಗೂ ಕೆಳಗೆ ಎರಡು ತಿಂಗಳು ಯಂತ್ರ ಇಟ್ಟು ಕಾದರು. ಒಂದೂ ಬರಲಿಲ್ಲ. ಸೊನ್ನೆ!

ಬೇರೆಯವರಾಗಿದ್ರೆ ಯಂತ್ರ ಕೆಟ್ಟಿದೆ ಅಂತ ಗಂಟು ಮೂಟೆ ಕಟ್ಟುತ್ತಿದ್ದರೇನೋ. ಇವರಿಗೆ ಹೊಳೆದದ್ದು ಬೇರೆ: ಇಷ್ಟು ನಿಶ್ಶಬ್ದ ಇರುವ ಜಾಗದಲ್ಲಿ ಒಂದೇ ಒಂದು ಕಣ ಕಂಡರೂ ಅದು ನ್ಯೂಟ್ರಿನೊದ್ದೇ ಆಗಿರುತ್ತೆ.

ಊರ್ಗಾಂ_ಸೈರನ್
ಅಯ್ಯೋ! ತಾತ ಹೇಳ್ತಿದ್ದ ಒಂದು ಮಾತು ನನಗೆ ಈಗ ಅರ್ಥ ಆಯ್ತು. 'ಒಳಗೆ ಬಾಂಬೆಯವರದ್ದು ಒಂದು ರೂಮ್ ಇತ್ತು. ನಮಗೆ ಚಿನ್ನ ಸಿಗದಿದ್ರೆ ಮೇಸ್ತ್ರಿ ಬಾಯಿಗೆ ಬಂದಂಗೆ ಬೈತಿದ್ದ. ಅವರಿಗೆ ಏನೂ ಸಿಗದಿದ್ರೆ ಕೈ ಕುಲುಕಿ ನಗ್ತಿದ್ರು' ಅಂತ. ನಾವು ತಾತ ಜೋಕ್ ಮಾಡ್ತಿದ್ದಾರೆ ಅಂತ ನಗ್ತಿದ್ವಿ.

ತಿದ್ದುಪಡಿ_ರಾಯ
ಚೆನ್ನಾಗಿದೆ, ಆದರೆ ಒಂದು ಅನುಮಾನ. ಸೀದಾ ಮೇಲಿಂದ ಬಂದ ಶಕ್ತಿಶಾಲಿ ಮ್ಯೂಆನ್ ಯಾವುದೋ ಒಂದು ಅಷ್ಟು ಬಂಡೆಯನ್ನೂ ದಾಟಿ ಬಂದಿರಬಹುದಲ್ಲ? ಅದು ನ್ಯೂಟ್ರಿನೊದ್ದೇ ಅಂತ ಹೇಗೆ ಆಣೆ ಮಾಡ್ತೀರಿ?

ಅರೆಬೆಂದ_ಭೌತಶಾಸ್ತ್ರ
ರಾಯರೇ, ಇದೇ ಪ್ರಶ್ನೆಗೆ ಉತ್ತರವಾಗಿ ಆ ಉಪಕರಣ ಕಟ್ಟಿದ್ದು. ಈ ಉಪಕರಣ ಇಟ್ಟ ಜಾಗಕ್ಕೆ ಮೇಲಿಂದ ಬರೋದಕ್ಕೆ 2.3 ಕಿಲೋಮೀಟರ್ ಬಂಡೆ. ಅಡ್ಡಡ್ಡ ಬರೋದಾದ್ರೆ? ಭೂಮಿ ಉರುಟು, ನೆಲದ ಮೇಲ್ಮೈಯಿಂದ ಓರೆಯಾಗಿ ಬರಬೇಕಾದರೆ ನೂರಾರು ಕಿಲೋಮೀಟರ್ ಬಂಡೆ ಕೊರೆದು ಬರಬೇಕು. ಯಾವ ಮ್ಯೂಆನಿಗೂ ಆಗದ ಮಾತು. ಹಾಗಾಗಿ ಅಡ್ಡಡ್ಡ ಬಂದದ್ದು ಅಲ್ಲೇ ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಬಡಿದು ಹುಟ್ಟಿದ್ದು. ಅದಕ್ಕೇ ಉಪಕರಣವನ್ನು ಚಾಪೆ ಹಾಸಿದ ಹಾಗೆ ಹಾಸಲಿಲ್ಲ, ಗೋಡೆ ನಿಲ್ಲಿಸಿದ ಹಾಗೆ ನಿಲ್ಲಿಸಿದರು. ಎರಡು ಪಕ್ಕದಲ್ಲಿ ಪ್ಲಾಸ್ಟಿಕ್ ಸಿಂಟಿಲೇಟರ್, ಅಂದರೆ ಕಣ ಹಾದರೆ ಮಿಂಚುವ ಹಲಗೆಗಳು. ನಡುವೆ ನಿಯಾನ್ ತುಂಬಿದ ಗಾಜಿನ ನಳಿಗೆಗಳ ಸಾಲು. ಎರಡೂ ಬದಿ ಒಟ್ಟಿಗೆ ಮಿಂಚಿದರೆ ನಳಿಗೆಗಳಿಗೆ ಹೈ ವೋಲ್ಟೇಜ್ ಕೊಡುತ್ತೆ, ಕಣ ಹೋದ ದಾರಿಯ ನಳಿಗೆಗಳಷ್ಟೇ ಬೆಳಗುತ್ತವೆ, ಕ್ಯಾಮೆರಾ ಫೋಟೊ ಹಿಡಿಯುತ್ತೆ.

ಮುಂಬೈನವರ ಜೊತೆ ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದವರೂ ಇದ್ದರು. 1965ರಲ್ಲಿ ಆ ಅಡ್ಡ ಗೆರೆ ಕಂಡಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ!

ಅದೇ ಸಮಯಕ್ಕೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಅಮೆರಿಕದ ಫ್ರೆಡರಿಕ್ ರೈನ್ಸ್ ತಂಡ ಇದೇ ಬೇಟೆಯಲ್ಲಿತ್ತು. ಫೆಬ್ರವರಿಯಲ್ಲೇ ಅವರಿಗೆ ಒಂದು ಸಿಕ್ಕಿತ್ತು. ಆದರೆ ಪ್ರಬಂಧ ಮೊದಲು ಅಚ್ಚಾದದ್ದು ಕೋಲಾರದವರದ್ದು, 1965ರ ಆಗಸ್ಟ್ 15. ಅವರದ್ದು ಆಗಸ್ಟ್ 30. ಹದಿನೈದು ದಿನ. ಹಾಗಾಗಿ 'ಜಗತ್ತಿನಲ್ಲೇ ಮೊದಲು' ಅನ್ನೋದಕ್ಕೆ ಇಬ್ಬರಿಗೂ ಹಕ್ಕಿದೆ, ಯಾವ ಕ್ಯಾಲೆಂಡರ್ ನೋಡ್ತೀರಿ ಅನ್ನೋದರ ಮೇಲೆ. ಹಾಗೆಯೇ ನ್ಯೂಟ್ರಿನೊವನ್ನೇ ಮೊದಲು ಕಂಡದ್ದು ಕೆಜಿಎಫ್‌ನಲ್ಲಿ ಅಂತಲೂ ಬರೆಯಬೇಡಿ. ಅಣು ರಿಯಾಕ್ಟರಿನಿಂದ ಬಂದ ನ್ಯೂಟ್ರಿನೊವನ್ನು ಇದೇ ರೈನ್ಸ್ ಮತ್ತು ಕೋವನ್ 1956ರಲ್ಲೇ ಹಿಡಿದಿದ್ದರು.

ತಿದ್ದುಪಡಿ_ರಾಯ
ತೃಪ್ತಿಯಾಯಿತು. ಕಡೇ ಎರಡು ವಾಕ್ಯ ನಾನೇ ಬರೆಯಬೇಕು ಅಂತಿದ್ದೆ.

ಲಿಂಗಸುಗೂರ_ಗೆಳೆಯ
ಎಲ್ಲಾರೂ ಕೋಲಾರ ಕೋಲಾರ ಅಂತೀರಿ, ನಮ್ಮ ರಾಯಚೂರು ಜಿಲ್ಲಾದ ಹಟ್ಟಿ ಗಣಿ ಇನ್ನೂ ನಡದೈತ್ರಿ, ಚಿನ್ನ ಬರಾಕತ್ತೈತಿ. ಅಲ್ಲಿ ಹಳೇ ಕಾಲದವ್ರು ತೋಡಿದ ಗುಂಡಿ ಸಿಕ್ಕಾವು. ಡೈನಮೈಟ್ ಎಲ್ಲಿಂದ ಬರ್ಬೇಕ್ರಿ ಅವ್ರಿಗೆ? ಬಂಡಿ ಮ್ಯಾಲೆ ಕಟಗಿ ಒಟ್ಟಿ ಬೆಂಕಿ ಹಚ್ಚೋದು, ಕಾದು ಕೆಂಡ ಆದ ಕೂಡ್ಲೆ ನೀರು ಸುರಿಯೋದು, ಬಂಡಿ ಬಿರೀತದ. ಬಿರಿದಿದ್ದನ್ನ ಕಿತ್ತು ಮತ್ತ ಬೆಂಕಿ. ಹೊಗಿ ತುಂಬಿದ ಬಿಲದಾಗ ಕುಂತು ಹಂಗ ನೂರಾರು ಅಡಿ ಇಳದಾರ.

ಊರ್ಗಾಂ_ಸೈರನ್
ನಮ್ಮಲ್ಲೂ ಅದೇ ಸಾರ್. ಬ್ರಿಟಿಷರು ಚಿನ್ನ 'ಕಂಡುಹಿಡಿದರು' ಅಂತಾರೆ. 1802ರಲ್ಲಿ ವಾರೆನ್ ಅನ್ನೋ ಲೆಫ್ಟಿನೆಂಟ್ ಬಂದಾಗ ಊರಿನವರು ಆಗಲೇ ಮಣ್ಣು ತೊಳೆದು ಚಿನ್ನ ತೆಗೀತಿದ್ರು, ಅವನು ಅದನ್ನ ನೋಡಿ ಬರೆದ. ಎಪ್ಪತ್ತು ವರ್ಷ ಆದಮೇಲೆ ಲ್ಯಾವೆಲ್ ಅನ್ನೋ ಐರಿಷ್ ಸಿಪಾಯಿ ಸಂಸ್ಥಾನದಿಂದ ಲೈಸೆನ್ಸ್ ತಗೊಂಡ. ಬೆಂಗಳೂರಲ್ಲಿ ಕಾಫಿಗೆ ಮುನ್ನೂರು ರೂಪಾಯಿ ಕೊಡೋ ಲ್ಯಾವೆಲ್ ರೋಡ್ ಇದ್ಯಲ್ಲ, ಅವನ ಹೆಸರೇ. ಅವನಿಗೆ ದುಡ್ಡು ಸಾಲಲಿಲ್ಲ, ಹಕ್ಕು ಮಾರಿದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಅವರಿಗೂ ಮೊದಮೊದಲು ಏನೂ ಸಿಗಲಿಲ್ಲ, ಇನ್ನೇನು ಬಾಗಿಲು ಹಾಕ್ತಾರೆ ಅನ್ನುವಾಗ ಪ್ಲಮ್ಮರ್ ಅನ್ನೋ ಕ್ಯಾಪ್ಟನ್ ಆ ಹಳೇ ಕಾಲದವರ ಗುಂಡಿಗಳ ಜಾಡು ಹಿಡಿದು ಇನ್ನಷ್ಟು ಕೆಳಗೆ ತೋಡಿಸಿದ. ಚಾಂಪಿಯನ್ ಲೋಡ್ ಅನ್ನೋ ಚಿನ್ನದ ಪಟ್ಟಿ ಅಲ್ಲೇ ಸಿಕ್ಕಿದ್ದು. ದಾರಿ ತೋರಿಸಿದವರ ಹೆಸರು ಯಾವ ರೋಡಿಗೂ ಇಲ್ಲ ಬಿಡಿ.

ಅಲ್ಲಿಂದ 2001ರ ಫೆಬ್ರವರಿ 28ಕ್ಕೆ ಮುಚ್ಚುವವರೆಗೆ ಐದು ಕೋಟಿ ಟನ್ ಅದಿರು ಒಡೆದು ಸುಮಾರು 800 ಟನ್ ಚಿನ್ನ ತೆಗೆದಿದ್ದಾರೆ. ಅಂದ್ರೆ ಟನ್ನಿಗೆ 16 ಗ್ರಾಮ್, ಎರಡು ಉಂಗುರ. ಉಳಿದದ್ದು ಪುಡಿ. ಆ ಪುಡಿಗೆ ಸಯನೈಡ್ ನೀರು ಹಾಯಿಸಿ ಚಿನ್ನ ಕರಗಿಸಿ ತೆಗೀತಿದ್ರು. ಮಿಕ್ಕ ಬೂದು ಮಣ್ಣೇ ಸಯನೈಡ್ ಗುಡ್ಡ. ಫೋಟೊ ತೆಗೆಯೋಕೆ ಬರೋರಿಗೆ ಮರುಭೂಮಿ ಥರ ಚಂದ ಕಾಣುತ್ತೆ. ಗಾಳಿ ಎದ್ದ ದಿನ ನಮ್ಮಮ್ಮ ಒಣಗಿಸಿದ ಬಟ್ಟೆ ಮತ್ತೆ ಒಗೀತಿದ್ದರು.

ಕೊನೆ_ಬೆಂಚು
ನ್ಯೂಟ್ರಿನೊ ಪ್ರಯೋಗ ಆಮೇಲೆ ಏನಾಯ್ತು? ಮುಂದುವರೀತಾ?

ಅರೆಬೆಂದ_ಭೌತಶಾಸ್ತ್ರ
ಮುಂದುವರೀತು, ಇನ್ನೂ ದೊಡ್ಡ ಆಸೆಯಿಂದ. ಪ್ರೋಟಾನ್ ಶಾಶ್ವತವೋ ಅಲ್ಲವೋ ಅನ್ನೋ ಪ್ರಶ್ನೆ 1970ರ ದಶಕದಲ್ಲಿ ಎದ್ದಿತ್ತು. ಅಲ್ಲ ಎಂದಾದರೆ ಅದರ ಆಯಸ್ಸು 1ರ ಮುಂದೆ 30ಕ್ಕೂ ಹೆಚ್ಚು ಸೊನ್ನೆ ಹಾಕಿದಷ್ಟು ವರ್ಷ. ಅಷ್ಟು ಕಾಯೋರು ಯಾರು? ಹಾಗಾಗಿ ಒಂದನ್ನು ಅಷ್ಟು ವರ್ಷ ಕಾಯುವ ಬದಲು ಅಷ್ಟನ್ನು ಒಂದು ವರ್ಷ ಕಾಯೋದು. 1980ರಲ್ಲಿ ಗಣಿಯೊಳಗೆ 140 ಟನ್ ತೂಕದ, ಕಬ್ಬಿಣ ತುಂಬಿದ ಉಪಕರಣ ಕಟ್ಟಿದರು. ಅದೂ ಕೇಜಿಗೆ ಹಿಡಿಯುವಷ್ಟು ತುಂಡು ತುಂಡಾಗಿ ಇಳಿಸಿ. 140 ಟನ್ನಿನಲ್ಲಿ ಪ್ರೋಟಾನ್, ನ್ಯೂಟ್ರಾನ್ ಸೇರಿ 8ರ ಮುಂದೆ 31 ಸೊನ್ನೆಯಷ್ಟು ಕಣಗಳಿವೆ. ಒಂದು ಸತ್ತರೂ ಸಾಕು.

ಕೆಲವು ಗುರುತುಗಳು ಕಂಡವು, ಇದೇ ಇರಬಹುದು ಅಂತ ಪ್ರಕಟಿಸಿದರು ಕೂಡ. ಅಮೆರಿಕ, ಜಪಾನಿನ ಇನ್ನೂ ದೊಡ್ಡ ಉಪಕರಣಗಳಲ್ಲಿ ಅಂಥದ್ದು ಕಾಣಲಿಲ್ಲ. ಪ್ರೋಟಾನ್ ಇವತ್ತಿಗೂ ಸತ್ತಿದ್ದನ್ನು ಯಾರೂ ನೋಡಿಲ್ಲ. ಕೆಜಿಎಫ್‌ನ ಪ್ರಯೋಗ 1990ರ ದಶಕದ ಆರಂಭದಲ್ಲಿ ನಿಂತಿತು, ಗಣಿಯೇ ಕೊನೆಯುಸಿರು ಎಳೀತಾ ಇತ್ತು. ಜಪಾನಿನವರು ಕಮಿಯೋಕಾ ಗಣಿಯಲ್ಲಿ ಮುಂದುವರಿಸಿ 1998ರಲ್ಲಿ ವಾತಾವರಣದ ನ್ಯೂಟ್ರಿನೊಗಳು ದಾರಿಯಲ್ಲೇ ರೂಪ ಬದಲಿಸುತ್ತವೆ ಅಂತ ತೋರಿಸಿದರು. ನಮ್ಮವರು 1965ರಲ್ಲಿ ಅಡ್ಡ ಗೆರೆಯಲ್ಲಿ ಕಂಡ ಜಾತಿಯ ಕಣವೇ ಅದು. 2015ರ ನೊಬೆಲ್ ಅದಕ್ಕೆ ಬಂತು. ನನಗೆ ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತೆ, ಮುಚ್ಚಿಡಲ್ಲ.

ಕೊನೆ_ಬೆಂಚು
ಎಲ್ಲಾ ಒಟ್ಟು ಮಾಡಿ ಗ್ರೂಪಿಗೆ ಹಾಕಿದೆ. ಏಷ್ಯಾ ಅಲ್ಲ, ಜಗತ್ತಿನ ಉದ್ದದ ಲೈನ್ ಅಲ್ಲ, ಬೆಂಗಳೂರಿಗಿಂತ ಮೂರು ವರ್ಷ ಮೊದಲು ಹೌದು, ನ್ಯೂಟ್ರಿನೊ ಹೌದು. ಚಿಕ್ಕಪ್ಪನ ಉತ್ತರ: 'ಹಾಗಾದ್ರೆ ದೇವರ ಕಣ ಅಲ್ವಾ?' ಆಮೇಲೆ ಕೈ ಮುಗಿಯೋ ಎಮೋಜಿ.

ಅಂದ ಹಾಗೆ ಆ ರೂಮ್ ಈಗ ಹೋಗಿ ನೋಡಬಹುದಾ?

ಊರ್ಗಾಂ_ಸೈರನ್
ಆಗಲ್ಲ ಬ್ರೋ. ಪಂಪ್ ನಿಂತ ಮೇಲೆ ಕೆಳಗೆಲ್ಲಾ ನೀರು ತುಂಬಿದೆ. ಮೇಲಿನದನ್ನ ನೋಡಬಹುದು. ಮಾರಿಕುಪ್ಪಂ ರೈಲು ಹತ್ತಿ ಊರ್ಗಾಂನಲ್ಲಿ ಇಳಿ, ಶಾಫ್ಟಿನ ಕಬ್ಬಿಣದ ಗೋಪುರಗಳು ದೂರದಿಂದಲೇ ಕಾಣ್ತವೆ. ಸಯನೈಡ್ ಗುಡ್ಡ ಹತ್ತೋಕೆ ಮಾತ್ರ ಹೋಗ್ಬೇಡ. ಬರೋ ದಿನ ಇಲ್ಲೇ ಬರೆದು ಹಾಕು. ಅಪ್ಪ ಈಗಲೂ ಅಲ್ಲೇ ಇದ್ದಾರೆ, ತಾತನ ಹಿತ್ತಾಳೆ ಬಿಲ್ಲೆ ಅವರ ಹತ್ತಿರ ಇದೆ, ತೋರಿಸೋಕೆ ಹೇಳ್ತೀನಿ.